ಬೇಲಿಯೇ ಎದ್ದು ಹೊಲ ಮೇಯಿತೇ?

ಎರಡು ವರ್ಷದ ಹಿಂದೆ ನಾನೊಂದು ಲೇಖನ ಬರೆದಿದ್ದೆ. ವಯಸ್ಸಾದಂತೆ ಮಿದುಳಿನೊಳಗಿನ ರೋಗನಿರೋಧಕ ಕೋಶಗಳು ಹೇಗೆ ಬದಲಾಗುತ್ತವೆ ಎಂಬುದು ವಿಷಯ. ಮಿದುಳಿಗೆ ತನ್ನದೇ ಆದ ಕಾವಲು ಕೋಶಗಳಿವೆ. ಅವುಗಳ ಹೆಸರು ಮೈಕ್ರೊಗ್ಲಿಯಾ. ಹರೆಯದಲ್ಲಿ ಅವು ಶತ್ರುಗಳ ವಿರುದ್ಧ ಹೋರಾಡುವ ಸೈನಿಕರು. ಮುಪ್ಪಿನಲ್ಲಿ ಅವೇ ತಿರುಗಿಬಿದ್ದು ತಾವು ಕಾಯಬೇಕಾದ ನರಕೋಶಗಳ ಮೇಲೆ ಎರಗುತ್ತವೆ. ಹೀಗೆ ಸಾಗಿದ ಲೇಖನದ ಕೊನೆಗೆ ಒಂದು ಗಾದೆಯೂ ಸಿಕ್ಕಿತ್ತು: ಬೇಲಿಯೇ ಎದ್ದು ಹೊಲ ಮೇಯ್ದಂತೆ. ನನಗೆ ಅದು ಬಹಳ ಹಿಡಿಸಿತ್ತು. ಓದಿದವರಿಗೂ ಹಿಡಿಸಿತು. ಕನ್ನಡದಲ್ಲಿ ವಿಜ್ಞಾನವನ್ನು ಇಷ್ಟು ಸಲೀಸಾಗಿ ಹೇಳಬಹುದಲ್ಲ ಎಂದು ಒಬ್ಬಿಬ್ಬರು ಮೆಚ್ಚಿ ಬರೆದರು. ಕನ್ನಡ ವಿಜ್ಞಾನ ಬರವಣಿಗೆಯ ಭಾಷೆಯನ್ನೇ ಪಿಎಚ್.ಡಿ.ಗೆ ಆರಿಸಿಕೊಂಡವಳಿಗೆ ಇದಕ್ಕಿಂತ ದೊಡ್ಡ ಶಹಬ್ಬಾಸ್‌ಗಿರಿ ಬೇಕಿರಲಿಲ್ಲ.

ಈ ವಾರ ಆ ಲೇಖನವನ್ನೇ ಮುಂದಿಟ್ಟುಕೊಂಡು ವಿಮರ್ಶೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ನನ್ನ ಅಜ್ಜಿ.

ಹೋದ ಬೇಸಿಗೆಯಲ್ಲಿ ಒಂದು ರಾತ್ರಿ ಅಜ್ಜಿ ಎದ್ದು ಕೂತು, ಎಮ್ಮೆ ಕಟ್ಟಿದ್ದೀರಾ ಎಂದು ಕೇಳತೊಡಗಿದಳು. ಎಮ್ಮೆ ಮಾರಿ ಇಪ್ಪತ್ತು ವರ್ಷವಾಗಿತ್ತು. ಬೆಳಿಗ್ಗೆ ಅಮ್ಮನನ್ನು ಗುರುತಿಸಲಿಲ್ಲ. ಮಧ್ಯಾಹ್ನ ಗುರುತಿಸಿದಳು, ಸಂಜೆಗೆ ಮತ್ತೆ ಮರೆತಳು. ಹತ್ತಿರದ ದವಾಖಾನೆಯಲ್ಲಿ ತೋರಿಸಿದರೆ, ವಯಸ್ಸಾಯಿತಲ್ಲ, ಅರಳುಮರಳು ಎಂದು ನಿದ್ದೆಮಾತ್ರೆ ಬರೆದು ಕಳಿಸಿದರು. ನಾನು ಫೋನಿನಲ್ಲಿ, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೆ. ಅಮ್ಮ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನೀನೇ ಬರ್ದಿದ್ಯಲ್ಲೇ. ಬೇಲಿನೇ ಎದ್ದು ಹೊಲ ಮೇಯ್ತಾ ಇದ್ರೆ ಔಷಧಿ ಕೊಡ್ಸಿ ಏನ್ ಪ್ರಯೋಜ್ನ? ಸುಮ್ನೆ ಅಲ್ಲಿಗೆಲ್ಲ ಎಳ್ಕೊಂಡ್ ಹೋಗಿ ಹಿಂಸೆ ಕೊಡೋದ್ಯಾಕೆ?"

ಮೂರು ದಿನ ಹಾಗೇ ಹೋಯಿತು. ನಾಲ್ಕನೆಯ ದಿನ ಪಕ್ಕದ ಮನೆಯ ಮುದುಕಿ ಬಂದು ಅಜ್ಜಿಯ ಹಣೆ ಮುಟ್ಟಿ ನೋಡಿ, ಇದು ಅರಳುಮರಳಲ್ಲ ಕಣವ್ವ, ಸನ್ನಿ ಎಂದಳಂತೆ. ಆಸ್ಪತ್ರೆಗೆ ಸೇರಿಸಿದಾಗ ಮೂತ್ರದ ಸೋಂಕು ಎಂದು ಗೊತ್ತಾಯಿತು. ವಾರದೊಳಗೆ ಅಜ್ಜಿ ನಮ್ಮನ್ನೆಲ್ಲ ಹೆಸರು ಹಿಡಿದು ಕರೆದಳು. ಆದರೆ ಮೊದಲಿನಷ್ಟು ಚುರುಕಾಗಲಿಲ್ಲ. ಆ ಮೂರು ದಿನ ಕಳೆಯದೇ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಯಾರೂ ಹೇಳಲಾರರು. ಆ ಮೂರು ದಿನಗಳಲ್ಲಿ ನನ್ನ ಗಾದೆಯ ಪಾಲು ಎಷ್ಟು ಎಂಬುದನ್ನು ಮಾತ್ರ ನಾನು ಕೇಳಿಕೊಳ್ಳಲೇಬೇಕು.

*

ರೋಗಕ್ಕೆ ಯುದ್ಧದ ಭಾಷೆ ಬಳಸುವುದರ ಅಪಾಯವನ್ನು ಸೂಸನ್ ಸೊಂಟಾಗ್ 1978ರಷ್ಟು ಹಿಂದೆಯೇ 'ಇಲ್‌ನೆಸ್ ಆ್ಯಸ್ ಮೆಟಫರ್' ಪುಸ್ತಕದಲ್ಲಿ ಚರ್ಚಿಸಿದ್ದರು. ನಮ್ಮ ಸೆಮಿನಾರುಗಳಲ್ಲಿ ಅದನ್ನು ಉಲ್ಲೇಖಿಸದವರಿಲ್ಲ. ನಾನೂ ಉಲ್ಲೇಖಿಸಿದ್ದೇನೆ, ಉಲ್ಲೇಖಿಸಿ ಮನೆಗೆ ಬಂದು ಸೈನಿಕರ ಲೇಖನ ಬರೆದಿದ್ದೇನೆ. ಯುದ್ಧದ ರೂಪಕ ಅಷ್ಟು ಸುಲಭವಾಗಿ ಕೈಗೆ ಸಿಗುವುದಕ್ಕೆ ಕಾರಣವಿದೆ. ಅದು ವಿಜ್ಞಾನಕ್ಕೆ ಪತ್ರಿಕೆಯವರು ಹೊರಗಿನಿಂದ ಹಚ್ಚಿದ ಬಣ್ಣವಲ್ಲ. ವಿಜ್ಞಾನದ ಒಳಗೇ ಹುಟ್ಟಿದ್ದು.

ಇಲ್ಯಾ ಮೆಚ್ನಿಕಾಫ್ 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಲಾರ್ವಾಕ್ಕೆ ಮುಳ್ಳು ಚುಚ್ಚಿ, ಅದರ ಸುತ್ತ ಕೋಶಗಳು ಬಂದು ಮುತ್ತಿಕೊಳ್ಳುವುದನ್ನು ಕಂಡರು. ಹೊರಗಿನದನ್ನು ನುಂಗುವ ಈ ಭಕ್ಷಕ ಕೋಶಗಳ ಸಿದ್ಧಾಂತಕ್ಕಾಗಿ 1908ರ ನೊಬೆಲ್ ಬಹುಮಾನವನ್ನು ಪಾಲ್ ಎರ್ಲಿಕ್ ಜತೆ ಹಂಚಿಕೊಂಡರು. ದೇಹದೊಳಗೆ ಒಂದು ಹೋರಾಟ ನಡೆಯುತ್ತದೆ ಎಂಬ ಚಿತ್ರ ಬೇರೂರಿದ್ದು ಇವರ ಕಾಲದಲ್ಲಿ. ಇದು ಎಲ್ಲರಿಗೂ ಗೊತ್ತು. ಕಡಿಮೆ ಜನಕ್ಕೆ ಗೊತ್ತಿರುವುದು, ಮುಪ್ಪನ್ನೂ ಅವರು ಇದೇ ಚಿತ್ರದಲ್ಲಿ ಓದಿದರು ಎಂಬುದು. 1903ರಲ್ಲಿ ಮನುಷ್ಯ ಸ್ವಭಾವದ ಬಗ್ಗೆ ಬರೆದ ಪುಸ್ತಕದಲ್ಲಿ ಅವರು, ಮುಪ್ಪಿನಲ್ಲಿ ಈ ಭಕ್ಷಕ ಕೋಶಗಳು ದೇಹದ ಮೇಲ್ದರ್ಜೆಯ ಕೋಶಗಳನ್ನೇ ತಿನ್ನತೊಡಗುತ್ತವೆ ಎಂದು ವಾದಿಸಿದರು. ಕೂದಲಿನ ಬಣ್ಣ ತಿನ್ನುವುದರಿಂದ ಕೂದಲು ನರೆಯುತ್ತದೆ, ಮಿದುಳಿನ ನರಕೋಶ ತಿನ್ನುವುದರಿಂದ ಬುದ್ಧಿ ಮಸುಕಾಗುತ್ತದೆ. ಮಿದುಳಿನಲ್ಲಿ ತಿನ್ನುವವುಗಳಿಗೆ 'ನ್ಯೂರೊನೊಫೇಜ್', ಅಂದರೆ ನರಭಕ್ಷಕ, ಎಂಬ ಹೆಸರೂ ಬಂತು. ಆ ಕಾಲದ ನರವಿಜ್ಞಾನಿಗಳಲ್ಲೇ ಕೆಲವರು ಇದನ್ನು ಒಪ್ಪಲಿಲ್ಲ.

ಅಂದರೆ ಬೇಲಿ ಎದ್ದು ಹೊಲ ಮೇಯುವ ಕಥೆ ನೂರಿಪ್ಪತ್ತು ವರ್ಷ ಹಳೆಯದು. ಮೈಕ್ರೊಗ್ಲಿಯಾಕ್ಕೆ ಹೆಸರಿಡುವ ಮೊದಲೇ ಅವುಗಳ ಮೇಲಿನ ಆರೋಪಪಟ್ಟಿ ಸಿದ್ಧವಾಗಿತ್ತು. ನನ್ನ ಲೇಖನ ಇತ್ತೀಚಿನ ಸಂಶೋಧನೆಯ ಹೆಸರಿನಲ್ಲಿ ಬಹಳ ಹಳೆಯ ಕಥೆಯನ್ನೇ ಹೇಳಿತ್ತು.

*

ಹೆಸರಿಟ್ಟವರು ಸ್ಪೇನಿನ ಪಿಯೊ ಡೆಲ್ ರಿಯೊ ಹೊರ್ಟೆಗಾ, 1919ರಲ್ಲಿ. ಬೆಳ್ಳಿಯ ಕಾರ್ಬೊನೇಟ್ ಬಳಸಿ ಮಿದುಳಿನ ತೆಳುಪದರಕ್ಕೆ ಬಣ್ಣ ಕಟ್ಟುವ ವಿಧಾನವನ್ನು ಅವರು ಹದಕ್ಕೆ ತಂದರು. ಅದುವರೆಗೆ ಅವರ ಹಿರಿಯರಾದ ಕಹಾಲ್ 'ಮೂರನೆಯ ಅಂಶ' ಎಂದು ಒಟ್ಟಾಗಿ ಕರೆದಿದ್ದ ಮಸುಕು ಗುಂಪಿನಿಂದ ಸಣ್ಣ ದೇಹದ, ಕವಲು ಕವಲಾದ ಕೈಗಳಿರುವ ಈ ಕೋಶಗಳು ಬೇರೆಯಾಗಿ ಕಂಡವು. ಗಾಯವಾದಲ್ಲಿ ಅವು ಕೈಗಳನ್ನು ಒಳಕ್ಕೆಳೆದುಕೊಂಡು ದುಂಡಗಾಗುವುದನ್ನೂ ಹೊರ್ಟೆಗಾ ಗುರುತಿಸಿದರು. ಒಂದೇ ಕೋಶಕ್ಕೆ ಎರಡು ರೂಪ. ಮುಂದಿನ ಎಂಬತ್ತು ವರ್ಷ ಇದನ್ನೇ 'ವಿಶ್ರಾಂತ' ಮತ್ತು 'ಸಕ್ರಿಯ' ಎಂಬ ಜೋಡಿಪದವಾಗಿ ಓದಲಾಯಿತು. ಗಲಾಟೆ ಇಲ್ಲದಾಗ ಸಿಪಾಯಿ ಮಲಗಿರುತ್ತಾನೆ, ಗಲಾಟೆಯಾದಾಗ ಏಳುತ್ತಾನೆ.

ಸತ್ತ ಮಿದುಳಿನ ತುಣುಕಿನಲ್ಲಿ ಎಲ್ಲವೂ ವಿಶ್ರಾಂತವಾಗಿಯೇ ಕಾಣುತ್ತದೆ ಎಂಬುದನ್ನು ಮರೆತಿದ್ದರಿಂದ ಆದ ತಪ್ಪು ಇದು. 2005ರಲ್ಲಿ ನಿಮ್ಮರ್‌ಯಾನ್, ಕಿರ್ಶಾಫ್, ಹೆಲ್ಮ್‌ಶೆನ್ ಎಂಬ ಮೂವರು ಬದುಕಿರುವ ಇಲಿಯ ಮಿದುಳನ್ನು ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಮಲಗಿವೆ ಎಂದುಕೊಂಡಿದ್ದ ಮೈಕ್ರೊಗ್ಲಿಯಾ ಒಂದು ನಿಮಿಷವೂ ಸುಮ್ಮನಿರಲಿಲ್ಲ. ಕೋಶದ ದೇಹ ನಿಂತಲ್ಲೇ ನಿಂತಿದ್ದರೂ ಅದರ ಕೈಗಳು ಚಾಚುತ್ತ, ಮುದುಡುತ್ತ, ಸುತ್ತಲಿನದನ್ನು ತಡವುತ್ತಲೇ ಇದ್ದವು. ಕೆಲವೇ ಗಂಟೆಗಳಲ್ಲಿ ಮಿದುಳಿನ ಇಡೀ ಊತಕವನ್ನು ಒಂದು ಸುತ್ತು ಮುಟ್ಟಿ ನೋಡಿ ಮುಗಿಸುವಷ್ಟು ಚಲನೆ ಅದು. ಶತ್ರುವಿಲ್ಲದ ದಿನಗಳಲ್ಲೂ ಅವುಗಳಿಗೆ ಕೈತುಂಬ ಕೆಲಸ. ಸತ್ತ ಕೋಶಗಳನ್ನು ತೆಗೆಯಬೇಕು, ಬೆಳೆಯುವ ಮಿದುಳಿನಲ್ಲಿ ಬೇಡವಾದ ಸಿನಾಪ್ಸ್‌ಗಳನ್ನು ಸವರಬೇಕು, ನರತಂತುಗಳ ಮಯಲಿನ್ ಹೊದಿಕೆ ಕಿತ್ತುಬಂದರೆ ಆ ಚೂರುಗಳನ್ನು ನುಂಗಿ ಅರಗಿಸಬೇಕು. ಈ ದಿನಚರಿಯನ್ನು ಯಾವ ಸೈನಿಕನ ಕಥೆಯೂ ಹೇಳುವುದಿಲ್ಲ.

*

ಇನ್ನು ಮುಪ್ಪು. ನನ್ನ ಗಾದೆಯನ್ನು ಸಾಕ್ಷ್ಯದ ಎದುರು ನಿಲ್ಲಿಸಿ ನೋಡಬೇಕಾದ್ದು ಇಲ್ಲಿ.

ಮನುಷ್ಯನ ಮೈಕ್ರೊಗ್ಲಿಯಾ ಎಷ್ಟು ಕಾಲ ಬದುಕುತ್ತವೆ ಎಂಬುದನ್ನು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತು. ಐವತ್ತು-ಅರವತ್ತರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14, ಕೋಶಗಳ ಡಿಎನ್‌ಎಯಲ್ಲಿ ಉಳಿಸಿದ ಗುರುತೇ ಅದಕ್ಕೆ ಅಳತೆಗೋಲು. ವರ್ಷಕ್ಕೆ ಸುಮಾರು ನೂರಕ್ಕೆ 28ರಷ್ಟು ಕೋಶಗಳು ಹೊಸದಾಗುತ್ತವೆ, ಸರಾಸರಿ ವಯಸ್ಸು 4.2 ವರ್ಷ, ಕೆಲವು ಇಪ್ಪತ್ತು ವರ್ಷಕ್ಕೂ ಹಳೆಯವು. ರಕ್ತದ ಬಿಳಿಕೋಶಗಳಿಗೆ ಹೋಲಿಸಿದರೆ ಇದು ದೀರ್ಘಾಯುಸ್ಸು. ದೀರ್ಘಾಯುಸ್ಸಿಗೆ ಅದರದೇ ಸುಂಕವಿದೆ. ನುಂಗಿದ್ದೆಲ್ಲ ಪೂರ್ತಿ ಅರಗುವುದಿಲ್ಲ. ವರ್ಷಗಟ್ಟಲೆ ನುಂಗಿದ ಮಯಲಿನ್ ಚೂರುಗಳು ಕೋಶದ ಹೊಟ್ಟೆಯಲ್ಲೇ ಗಟ್ಟಿಯಾಗಿ ಉಳಿಯುತ್ತವೆ. ಲೈಪೋಫಸ್ಕಿನ್ ಎಂಬ ಕಂದುಬಣ್ಣದ ಚರಟ ಸೇರುತ್ತದೆ. 2020ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡವೊಂದು ಮುದಿ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಕೊಬ್ಬಿನ ಹನಿಗಳು ತುಂಬಿಕೊಂಡ ಮೈಕ್ರೊಗ್ಲಿಯಾವನ್ನು ವಿವರಿಸಿತು. ಅವು ನುಂಗುವ ಕೆಲಸದಲ್ಲಿ ಹಿಂದೆ ಬಿದ್ದಿದ್ದವು, ಉರಿಯೂತದ ರಾಸಾಯನಿಕಗಳನ್ನು ಸುರಿಸುವುದರಲ್ಲಿ ಮುಂದಿದ್ದವು.

ಚಲನೆಯೂ ಬದಲಾಗುತ್ತದೆ. ಮುದಿ ಇಲಿಯ ಕಣ್ಣಿನ ರೆಟಿನಾದಲ್ಲಿ ಇವನ್ನು ಗಮನಿಸಿದವರು, ಕೈಗಳು ಮೊಟಕಾಗಿರುವುದನ್ನೂ ಅವುಗಳ ಓಡಾಟ ನಿಧಾನವಾಗಿರುವುದನ್ನೂ ಕಂಡರು. ಲೇಸರಿನಿಂದ ಸಣ್ಣ ಗಾಯ ಮಾಡಿದಾಗ ಎಳೆಯ ಕೋಶಗಳು ಬೇಗ ಬಂದು, ಕೆಲಸ ಮುಗಿಸಿ ಚದುರಿದವು. ಮುದಿ ಕೋಶಗಳು ತಡವಾಗಿ ಬಂದವು, ಬಂದ ಮೇಲೆ ವಾಪಸು ಹೋಗಲಿಲ್ಲ. ಮನುಷ್ಯರ ವಿಷಯದಲ್ಲಿ ಫ್ಲಾರಿಡಾದ ವೊಲ್ಫ್‌ಗಾಂಗ್ ಸ್ಟ್ರೈಟ್ ಮತ್ತು ಜತೆಗಾರರು 2004ರಲ್ಲೇ, ವೃದ್ಧರ ಮಿದುಳಿನಲ್ಲಿ ಕವಲುಗಳು ತುಂಡಾಗಿ, ಗಂಟುಗಂಟಾಗಿ ಶಿಥಿಲವಾದ ಮೈಕ್ರೊಗ್ಲಿಯಾವನ್ನು ಗುರುತಿಸಿದ್ದರು. ಅವರ ಕಣ್ಣಿಗೆ ಬಿದ್ದದ್ದು ಕೋಶಗಳ ರೌದ್ರಕ್ಕಿಂತ ಹೆಚ್ಚಾಗಿ ಅವುಗಳ ಜೀರ್ಣಾವಸ್ಥೆ.

ಬೇಲಿ ಮೇಯುತ್ತಿದೆಯೇ? ಕೆಲವೆಡೆ ಹೌದು, ಮತ್ತು ಅದನ್ನು ಮುಚ್ಚಿಡಬಾರದು. ಸಿ1ಕ್ಯು ಎಂಬ ಪ್ರೋಟೀನು ಸಿನಾಪ್ಸ್‌ಗಳಿಗೆ ಅಂಟಿಕೊಂಡು, ಇದನ್ನು ತೆಗೆಯಬಹುದು ಎಂದು ಮೈಕ್ರೊಗ್ಲಿಯಾಕ್ಕೆ ಗುರುತು ಕೊಡುತ್ತದೆ. ರೋಗವಿಲ್ಲದ ಸಹಜ ಮುಪ್ಪಿನಲ್ಲೂ ಇದರ ಪ್ರಮಾಣ 300 ಪಟ್ಟಿನವರೆಗೆ ಏರಬಹುದೆಂದು 2013ರ ಒಂದು ಪ್ರಬಂಧ ಹೇಳಿತು. ಆಲ್‌ಝೈಮರ್ ಮಾದರಿಯ ಇಲಿಗಳಲ್ಲಿ ಈ ದಾರಿಯಿಂದಲೇ ಸಿನಾಪ್ಸ್‌ಗಳು ರೋಗದ ಆರಂಭದಲ್ಲೇ ನಷ್ಟವಾಗುವುದನ್ನು 2016ರಲ್ಲಿ ತೋರಿಸಲಾಯಿತು. ಹಾಗಾಗಿ ಗಾದೆ ಪೂರ್ತಿ ಸುಳ್ಳಲ್ಲ.

ಆದರೆ ಅದನ್ನೇ ನಂಬಿದರೆ, ಮೈಕ್ರೊಗ್ಲಿಯಾ ಎಷ್ಟು ತೆಪ್ಪಗಿದ್ದರೆ ಅಷ್ಟು ಒಳ್ಳೆಯದು ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಇದಕ್ಕೆ ಎದುರು ಸಾಕ್ಷಿ ಟ್ರೆಮ್2 ಎಂಬ ಜೀನಿನ ಕಥೆ. ಮಿದುಳಿನಲ್ಲಿ ಇದು ಮುಖ್ಯವಾಗಿ ಕೆಲಸ ಮಾಡುವುದು ಮೈಕ್ರೊಗ್ಲಿಯಾದಲ್ಲಿ. ಇದರ ಒಂದು ಅಪರೂಪದ ರೂಪಾಂತರ ಇರುವವರಿಗೆ ಆಲ್‌ಝೈಮರ್ ಅಪಾಯ ಹಲವು ಪಟ್ಟು ಹೆಚ್ಚು ಎಂದು 2013ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಕಂಡುಕೊಂಡವು. ಆ ರೂಪಾಂತರ ಜೀನಿನ ಶಕ್ತಿಯನ್ನು ಕುಂದಿಸುತ್ತದೆ. ಇಲಿಗಳಲ್ಲಿ ಟ್ರೆಮ್2 ತೆಗೆದರೆ ಮೈಕ್ರೊಗ್ಲಿಯಾ ಅಮಿಲಾಯ್ಡ್ ಗಂಟುಗಳ ಸುತ್ತ ಸರಿಯಾಗಿ ಕವಿಯುವುದಿಲ್ಲ. ಗಂಟುಗಳು ಹರಡಿಕೊಂಡು ಸುತ್ತಲಿನ ನರತಂತುಗಳಿಗೆ ಹೆಚ್ಚು ಹಾನಿಯಾಗುತ್ತದೆ. ಎರಡೂ ಪ್ರತಿ ಕೆಟ್ಟರೆ ನಡುವಯಸ್ಸಿನಲ್ಲೇ ಬುದ್ಧಿಭ್ರಂಶ ತರುವ ನಾಸು-ಹಕೋಲಾ ಎಂಬ ರೋಗ ಬರುತ್ತದೆ. ಇಲ್ಲೆಲ್ಲ ಕೇಡಿಗೆ ಕಾರಣ ಬೇಲಿ ಎದ್ದದ್ದಲ್ಲ, ಏಳಬೇಕಾದಾಗ ಏಳದೇ ಹೋದದ್ದು. ಒಂದೇ ಕೋಶ ಒಂದು ಕಡೆ ಹೆಚ್ಚಾಗಿ, ಇನ್ನೊಂದು ಕಡೆ ಕಡಿಮೆಯಾಗಿ ವರ್ತಿಸಿ ಎರಡೂ ಕಡೆ ಹಾನಿ ಮಾಡುತ್ತದೆ. ದ್ರೋಹದ ಕಥೆಯಲ್ಲಿ ಇದಕ್ಕೆ ಜಾಗವಿಲ್ಲ.

*

ಸೈನಿಕನನ್ನು ಬಿಟ್ಟರೆ ಬಳಕೆಯಲ್ಲಿರುವ ಇನ್ನೊಂದು ರೂಪಕ ಕಸ ಗುಡಿಸುವವನದು. ಮಿದುಳಿನ ಜಾಡಮಾಲಿ ಎಂದು ಬರೆದದ್ದನ್ನು ನಾನು ಓದಿದ್ದೇನೆ. ವಿಜ್ಞಾನದ ದೃಷ್ಟಿಯಿಂದ ಇದು ಸೈನಿಕನಿಗಿಂತ ಹೆಚ್ಚು ಸರಿ: ನಿತ್ಯದ ದುಡಿಮೆಯನ್ನು ಕಾಣುತ್ತದೆ, ಕಸ ಹೆಚ್ಚಾದಂತೆ ಗುಡಿಸುವವನು ಸೋಲುವುದನ್ನೂ ಹೇಳುತ್ತದೆ. ಆದರೆ ಕನ್ನಡದಲ್ಲಿ ಈ ಪದ ಬರಿಯ ಕೆಲಸದ ಹೆಸರಲ್ಲ. ಯಾರ ಕೈಗೆ ಪೊರಕೆ ಕೊಡಲಾಗಿತ್ತು, ಯಾರನ್ನು ಆ ಕೆಲಸಕ್ಕೇ ಹುಟ್ಟಿದವರೆಂದು ಎಣಿಸಲಾಗಿತ್ತು ಎಂಬ ಚರಿತ್ರೆ ಅದರೊಂದಿಗೆ ಬರುತ್ತದೆ. ಮೈಕ್ರೊಗ್ಲಿಯಾ ಭ್ರೂಣದ ಮೊದಲ ದಿನಗಳಲ್ಲೇ ಹಳದಿ ಚೀಲದಿಂದ ಮಿದುಳಿಗೆ ವಲಸೆ ಬಂದು ನೆಲೆಸಿದ ಕೋಶಗಳೆಂದು 2010ರಲ್ಲಿ ಇಲಿಗಳಲ್ಲಿ ಸಾಬೀತಾಯಿತು. ಈ ಸಂಗತಿಯನ್ನೂ ಜಾಡಮಾಲಿಯ ರೂಪಕವನ್ನೂ ಒಂದೇ ಪ್ಯಾರಾದಲ್ಲಿ ಇಟ್ಟರೆ, ಹೊರಗಿನಿಂದ ಬಂದವರು, ಹುಟ್ಟಿನಿಂದ ಕಸಕ್ಕೆ ನೇಮಕಗೊಂಡವರು ಎಂಬ ವಾಕ್ಯ ತಾನಾಗಿಯೇ ರೂಪುಗೊಳ್ಳುತ್ತದೆ. ಬರೆದವರ ಉದ್ದೇಶ ಅದಾಗಿರಲಿಕ್ಕಿಲ್ಲ. ರೂಪಕಗಳು ನಮ್ಮ ಉದ್ದೇಶ ಕೇಳಿಕೊಂಡು ಕೆಲಸ ಮಾಡುವುದಿಲ್ಲ.

'ಉರಿಯೂತ' ಎಂಬ ನಮ್ಮ ಪಾರಿಭಾಷಿಕ ಪದವನ್ನೂ ಇಲ್ಲಿ ನೆನೆಯಬೇಕು. ಉರಿ ಮತ್ತು ಊತ. ಮಂಡಿಗೆ ಇದು ಚೆನ್ನಾಗಿ ಹೊಂದುತ್ತದೆ. ಮುಪ್ಪಿನ ಮಿದುಳಿನಲ್ಲಿ ಉರಿಯ ಅನುಭವವೂ ಇಲ್ಲ, ಕಣ್ಣಿಗೆ ಕಾಣುವ ಊತವೂ ಇಲ್ಲ. ಅಲ್ಲಿ ಇರುವುದಕ್ಕೆ ಕನ್ನಡ ಓದುಗರಿಗೆ ಗೊತ್ತಿರುವ ನುಡಿಗಟ್ಟೆಂದರೆ ಬೂದಿ ಮುಚ್ಚಿದ ಕೆಂಡ. ಮುದಿ ಇಲಿಗಳ ಹೊಟ್ಟೆಗೆ ಬ್ಯಾಕ್ಟೀರಿಯಾದ ಹೊರಪದರದ ಒಂದಂಶವನ್ನು ಚುಚ್ಚಿದ ಪ್ರಯೋಗಗಳಿವೆ. ಸೋಂಕಿನ ಸುಳಿವು ಸಿಕ್ಕಿದ್ದು ಹೊಟ್ಟೆಯಲ್ಲಿ. ಎಳೆಯ ಇಲಿಗಳು ಸ್ವಲ್ಪ ಹೊತ್ತು ಮುದುಡಿ ಕೂತು ಚೇತರಿಸಿಕೊಂಡವು. ಮುದಿ ಇಲಿಗಳ ಮಿದುಳಿನಲ್ಲಿ ಉರಿಯೂತದ ಸಂಕೇತಗಳು ಮಿತಿಮೀರಿ ಏರಿದವು, ಬಹಳ ಹೊತ್ತು ಇಳಿಯಲಿಲ್ಲ. ವಯಸ್ಸಾದವರಿಗೆ ದೂರದ ಒಂದು ಸೋಂಕಿನಿಂದ ಸನ್ನಿ ಯಾಕೆ ಬರುತ್ತದೆ ಎಂಬುದಕ್ಕೆ ಸಂಶೋಧಕರು ಕೊಡುವ ವಿವರಣೆಗಳಲ್ಲಿ ಇದು ಮುಖ್ಯವಾದದ್ದು. ಅಜ್ಜಿಯ ತಲೆಯೊಳಗೆ ಆ ರಾತ್ರಿ ಇದೇ ನಡೆಯಿತು ಎಂದು ನಾನು ಹೇಳಲಾರೆ. ಆದರೆ ಕೆಂಡದ ಮೇಲೆ ಗಾಳಿ ಬೀಸಿದ್ದು ಮೂತ್ರದ ಸೋಂಕು ಎಂದು ನನ್ನ ಲೇಖನ ಅಮ್ಮನಿಗೆ ಹೇಳಿದ್ದರೆ, ಗಾಳಿ ನಿಲ್ಲಿಸಬಹುದಲ್ಲ ಎಂದು ಅವಳಿಗೆ ಹೊಳೆಯುತ್ತಿತ್ತು. ಗಾದೆ ಆ ಬಾಗಿಲನ್ನು ಮುಚ್ಚಿತ್ತು. ಎದ್ದ ಬೇಲಿಗೆ ಮದ್ದಿಲ್ಲ.

*

ಈ ಕ್ಷೇತ್ರದವರೇ ತಮ್ಮ ಪದಗಳ ಬಗ್ಗೆ ಯೋಚಿಸಿಲ್ಲವೆಂದಲ್ಲ. 2022ರಲ್ಲಿ ಹಲವು ದೇಶಗಳ ಹತ್ತಾರು ಸಂಶೋಧಕರು ಒಟ್ಟಾಗಿ 'ನ್ಯೂರಾನ್' ಪತ್ರಿಕೆಯಲ್ಲಿ ಮೈಕ್ರೊಗ್ಲಿಯಾದ ಹೆಸರುಗಳ ಬಗ್ಗೆಯೇ ಒಂದು ದೀರ್ಘ ಪ್ರಬಂಧ ಬರೆದರು. ವಿಶ್ರಾಂತ-ಸಕ್ರಿಯ, ಒಳ್ಳೆಯದು-ಕೆಟ್ಟದ್ದು, ಎಮ್1-ಎಮ್2 ಎಂಬ ಜೋಡಿಗಳನ್ನು ಬಿಡಬೇಕು. ಇವುಗಳನ್ನು ಜಾತಿಗಳಾಗಿ ವಿಂಗಡಿಸದೆ ಸ್ಥಿತಿಗಳಾಗಿ ನೋಡಬೇಕು. ಯಾವ ವಯಸ್ಸು, ಯಾವ ಜಾಗ, ಯಾವ ಪರಿಸರದಲ್ಲಿ ಆ ಸ್ಥಿತಿ ಎಂಬುದನ್ನು ಹೇಳಬೇಕು ಎಂಬುದು ಅದರ ಸಾರ. ಸಾಹಿತ್ಯ ವಿದ್ಯಾರ್ಥಿಗಳು ಇದನ್ನು ವಿಮರ್ಶೆಯ ಪಠ್ಯವಾಗಿ ಓದಬೇಕು ಎಂದು ನನ್ನ ಆಸೆ. ಪಾತ್ರವನ್ನು ಖಳನೆಂದು ಮೊದಲೇ ತೀರ್ಮಾನಿಸಿ ಕಾದಂಬರಿ ಓದಬಾರದೆಂದು ನಮಗೆ ಕಲಿಸುತ್ತಾರೆ. ಅವರು ಕೋಶದ ವಿಷಯದಲ್ಲಿ ಹೇಳುತ್ತಿರುವುದೂ ಅದನ್ನೇ.

ಸ್ಥಿತಿಗೆ ಕನ್ನಡದಲ್ಲಿ ಒಂದು ಒಳ್ಳೆಯ ಪದವಿದೆ: ಹದ. ಪಾಕಕ್ಕೆ ಹದವಿದೆ, ಮಣ್ಣಿಗೆ ಹದವಿದೆ, ಮಳೆಗೂ ಹದವಿದೆ. ಹೆಚ್ಚಾದರೂ ಹದ ತಪ್ಪುತ್ತದೆ, ಕಡಿಮೆಯಾದರೂ ತಪ್ಪುತ್ತದೆ. ಟ್ರೆಮ್2 ಕಥೆಯೂ ಸಿ1ಕ್ಯು ಕಥೆಯೂ ಅದರೊಳಗೆ ಜಗಳವಿಲ್ಲದೆ ಕೂರುತ್ತವೆ. ಆರೋಗ್ಯ ಹದಗೆಟ್ಟಿದೆ ಎಂದು ನಾವು ದಿನವೂ ಹೇಳುತ್ತೇವೆ, ಯಾರನ್ನೂ ದೂರದೆ. ಹದಗೆಟ್ಟದ್ದನ್ನು ಕೆಲವೊಮ್ಮೆ ಮತ್ತೆ ಹದಕ್ಕೆ ತರಬಹುದು ಎಂಬ ನಿರೀಕ್ಷೆಯೂ ಆ ಪದದಲ್ಲಿದೆ. ಇದಕ್ಕೂ ಮಿತಿಯಿದೆ. ಹದ ಎಂಬುದು ಅಂದಾಜಿನ ಪದ. ಯಾವ ಜೀನು, ಯಾವ ಪ್ರೋಟೀನು ಎಂಬ ವಿವರ ಕೊಡದೆ ಹದ ತಪ್ಪಿತು ಎಂದಷ್ಟೇ ಬರೆದರೆ ಅದು ಸೋಮಾರಿತನದ ಇನ್ನೊಂದು ಹೆಸರಾಗುತ್ತದೆ. ವಿವರದ ಜಾಗದಲ್ಲಿ ಕೂರಲು ಬಿಟ್ಟರೆ ಯಾವ ರೂಪಕವೂ ಗಾದೆಯಾಗಿಬಿಡುತ್ತದೆ.

ನನ್ನ ಹಳೆಯ ಲೇಖನದ ಇನ್ನೊಂದು ತಪ್ಪು ಹೇಳಿ ಮುಗಿಸುತ್ತೇನೆ. ಅದರಲ್ಲಿ 'ಇಲಿ' ಎಂಬ ಪದ ಒಂದೇ ಒಂದು ಸಲ ಬಂದಿತ್ತು, ಅದೂ ಆವರಣದೊಳಗೆ. ಮುಪ್ಪಿನ ಮೈಕ್ರೊಗ್ಲಿಯಾದ ಬಗ್ಗೆ ನಮಗೆ ಗೊತ್ತಿರುವುದರ ಬಹುಪಾಲು ಇಲಿಗಳಿಂದ ಬಂದದ್ದು. 2017ರಲ್ಲಿ ಮನುಷ್ಯರ ಮಿದುಳಿನಿಂದ ಬೇರ್ಪಡಿಸಿದ ಮೈಕ್ರೊಗ್ಲಿಯಾವನ್ನು ಪರೀಕ್ಷಿಸಿದವರು, ವಯಸ್ಸಾದಂತೆ ಬದಲಾಗುವ ಜೀನುಗಳ ಪಟ್ಟಿ ಮನುಷ್ಯರಲ್ಲೂ ಇಲಿಗಳಲ್ಲೂ ಅಷ್ಟಾಗಿ ಹೊಂದುವುದಿಲ್ಲ ಎಂದು ಎಚ್ಚರಿಸಿದರು. ಮನುಷ್ಯರ ಮಿದುಳು ಹೇಗೆ ಮುಪ್ಪಾಗುತ್ತದೆಂದು ತಿಳಿಯಲು ಮನುಷ್ಯರನ್ನೇ ವರ್ಷಗಟ್ಟಲೆ ನೋಡಬೇಕು. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ಹಾಗೆ ಗಮನಿಸುವ ಗುರಿ ಇಟ್ಟುಕೊಂಡಿದೆ. ಆ ಊರುಗಳ ಮನೆಗಳಿಗೆ ಮರೆವಿನ ಬಗ್ಗೆ ಕೇಳಲು ಹೋಗುವವರ ಬಾಯಲ್ಲಿ ಯಾವ ಪದಗಳಿರುತ್ತವೆ, ಉತ್ತರಿಸುವ ಮುದುಕಿಯರ ಬಾಯಲ್ಲಿ ಯಾವ ಪದಗಳಿರುತ್ತವೆ ಎಂಬುದು ನನ್ನಂಥವರ ಸಂಶೋಧನೆಗೂ ವಿಷಯವಾಗಬೇಕು. ಅರಳುಮರಳಿಗೂ ಸನ್ನಿಗೂ ಇರುವ ವ್ಯತ್ಯಾಸವನ್ನು ನಮ್ಮ ಮನೆಯಲ್ಲಿ ಗುರುತಿಸಿದ್ದು ಶಾಲೆಯ ಮೆಟ್ಟಿಲು ಹತ್ತದ ಒಬ್ಬ ನೆರೆಯವಳು.

ಅಜ್ಜಿಯನ್ನು ಆಮೇಲೊಮ್ಮೆ ಕೇಳಿದೆ, ಆ ದಿನಗಳಲ್ಲಿ ಹೇಗನ್ನಿಸುತ್ತಿತ್ತು ಎಂದು. "ಮಂಕು ಕವ್ದಂಗಿತ್ತು ಕಣವ್ವ. ನೀವೆಲ್ಲ ಮಾತಾಡೋದು ಕೇಳ್ಸ್ತಿತ್ತು, ದೂರದಲ್ಲಿ" ಎಂದಳು. ಅವಳ ಮಾತಿನಲ್ಲಿ ಸೈನಿಕರೂ ಇರಲಿಲ್ಲ, ಬೇಲಿಯೂ ಇರಲಿಲ್ಲ.

ಹಳೆಯ ಲೇಖನವನ್ನು ತಿದ್ದಿದ್ದೇನೆ. ಗಾದೆ ತೆಗೆದ ಜಾಗದಲ್ಲಿ ಈಗ ಅಲಂಕಾರವಿಲ್ಲದ ಎರಡು ವಾಕ್ಯಗಳಿವೆ. ವಯಸ್ಸಾದವರಿಗೆ ಗಂಟೆಗಳಲ್ಲೋ ದಿನಗಳಲ್ಲೋ ಇದ್ದಕ್ಕಿದ್ದಂತೆ ಮಂಕು ಕವಿದರೆ ಅದನ್ನು ಮುಪ್ಪಿನ ಲೆಕ್ಕಕ್ಕೆ ಬರೆಯಬೇಡಿ. ಜ್ವರವಿದೆಯೇ, ಮೂತ್ರದ ಸೋಂಕಿದೆಯೇ, ನೀರು ಕಡಿಮೆಯಾಗಿದೆಯೇ, ಹೊಸ ಮಾತ್ರೆ ಶುರುವಾಗಿದೆಯೇ ಎಂದು ಅಂದೇ ತೋರಿಸಿ.